ಎರ್ಹು ಕೊಳ್ಳುವಾಗ ಕಿವಿಯನ್ನಷ್ಟೇ ನಂಬಿ ಕೆಟ್ಟದ್ದು

ಎರ್ಹು ಎಂದರೆ ಹಾವಿನ ಚರ್ಮ ಹೊದಿಸಿದ, ಕಮಾನಿನಿಂದ ನುಡಿಸುವ ಚೀನೀ ವಾದ್ಯ. ಶಾಂಘೈನಲ್ಲಿ ನಾನು ಕೊಂಡ ಮೊದಲ ಎರ್ಹು ಅಂಗಡಿಯಲ್ಲೇ ಬಹಳ ಇಂಪಾಗಿ ನುಡಿದಿತ್ತು. ಆ ಇಂಪಿಗೆ ಕಾರಣ ಸಡಿಲ ಚರ್ಮ ಎಂಬುದು ಗೊತ್ತಾಗುವಷ್ಟರಲ್ಲಿ ಆರು ತಿಂಗಳು ಕಳೆದಿದ್ದವು.

ಮೈಸೂರಿನಲ್ಲಿ ಚಿಕ್ಕಂದಿನಿಂದ ಕರ್ನಾಟಕ ಶೈಲಿಯ ಪಿಟೀಲು ಕಲಿತಿದ್ದ ನನಗೆ, ಉದ್ಯೋಗದ ನಿಮಿತ್ತ ಆ ಊರಿಗೆ ಹೋದ ಮೇಲೆ, ಎರಡೇ ತಂತಿಯ ಈ ವಾದ್ಯ ಸುಲಭವಾಗಿ ಒಲಿದೀತು ಎನ್ನಿಸಿತ್ತು. ಅದರ ಒಳತಂತಿ ಡಿ, ಹೊರತಂತಿ ಎ. ಪಾಶ್ಚಾತ್ಯ ಪಿಟೀಲಿನ ನಡುವಿನ ಎರಡು ತಂತಿಗಳ ಶ್ರುತಿಯೇ ಇಲ್ಲಿಯದೂ, ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಪಂಚಮ. ಆದರೆ ಬೆರಳೊತ್ತಲು ಕೆಳಗೆ ಹಲಗೆಯಿಲ್ಲ, ಕಮಾನಿನ ಕೂದಲು ಎರಡು ತಂತಿಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ, ಮತ್ತು ಕುದುರೆ, ಅಂದರೆ ತಂತಿಗಳನ್ನು ಹೊರುವ ಪುಟ್ಟ ಸೇತುವೆ, ನಿಂತಿರುವುದು ಮರದ ಮೇಲಲ್ಲ, ಹೆಬ್ಬಾವಿನ ಚರ್ಮದ ಮೇಲೆ. ಈ ಕೊನೆಯ ಸಂಗತಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ವಾದ್ಯದಂಗಡಿಗಳಿಗೆ ಹೆಸರಾಗಿದ್ದ ಜಿನ್‌ಲಿಂಗ್ ಪೂರ್ವ ರಸ್ತೆಗೆ ಜನವರಿಯ ಒಣ ಚಳಿಯಲ್ಲಿ ಹೋಗಿ, ತುದಿಯಲ್ಲಿ ಡ್ರ್ಯಾಗನ್ ತಲೆ ಕೆತ್ತಿದ್ದ ಒಂದು ಎರ್ಹುವಿಗೆ 900 ಯುವಾನ್ ಕೊಟ್ಟು ಬಂದೆ. ಜೂನ್‌ನಲ್ಲಿ ಅಲ್ಲಿಯ ಜಡಿಮಳೆ ಹಿಡಿದಾಗ ಚರ್ಮ ತೇವ ಹೀರಿ ಜೋತುಬಿತ್ತು. ಕುದುರೆಯ ಪಾದದ ಸುತ್ತ ಕಣ್ಣಿಗೆ ಕಾಣುವಂತೆ ತಗ್ಗು ಬಿದ್ದಿತ್ತು, ಒಳತಂತಿಯ ನಾದ ತಗಡಿನ ಡಬ್ಬದೊಳಗಿಂದ ಬಂದಂತಿತ್ತು. ಮಳೆಗಾಲದಲ್ಲಿ ಮೃದಂಗದ ಮುಚ್ಚಿಗೆಯ ಪಾಡನ್ನು ಕಂಡವರಿಗೆ ಇದು ಹೊಸತಲ್ಲ. ವ್ಯತ್ಯಾಸವೆಂದರೆ ಎರ್ಹುವಿನಲ್ಲಿ ಚರ್ಮವನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಬಾರು ಎಳೆದು ಬಿಗಿಗೊಳಿಸುವ ದಾರಿಯಿಲ್ಲ.

ಎರಡನೆಯ ಬಾರಿ ನನ್ನ ಗುರುಗಳು ಜೊತೆಗೆ ಬಂದರು. ಅವರನ್ನು ನಾನು ಅಲ್ಲಿಯ ರೂಢಿಯಂತೆ ಲಾವೊಶಿ, ಅಂದರೆ ಗುರು, ಎಂದೇ ಕರೆಯುತ್ತಿದ್ದೆ. ಅಂಗಡಿಯೊಳಗೆ ಕಾಲಿಟ್ಟವರೇ ಅವರು ಕಮಾನು ಮುಟ್ಟಲಿಲ್ಲ. ಮೂರು ವಾದ್ಯಗಳನ್ನು ಸಾಲಾಗಿ ಇರಿಸಿ, ನನ್ನ ಹೆಬ್ಬೆರಳನ್ನು ಹಿಡಿದು ಒಂದೊಂದರ ಚರ್ಮದ ಮೇಲೂ ಕುದುರೆಯ ಪಕ್ಕದಲ್ಲಿ ಮೆಲ್ಲಗೆ ಒತ್ತಿಸಿದರು. ಮೊದಲನೆಯದು ಹಪ್ಪಳದಂತೆ ಬಗ್ಗಿತು, ಎರಡನೆಯದು ಹಲಗೆಯಂತೆ ಅಲುಗಲೇ ಇಲ್ಲ, ಮೂರನೆಯದು ಸ್ವಲ್ಪವೇ ಒಳಗೆ ಹೋಗಿ ಬೆರಳನ್ನು ಹಿಂದಕ್ಕೆ ತಳ್ಳಿತು. ಹೊಸ ವಾದ್ಯದ ಚರ್ಮ ತುಸು ಹೆಚ್ಚೇ ಬಿಗಿಯಾಗಿರಬೇಕು, ಅದರ ನಾದ ತುಸು ಒರಟಾಗಿಯೇ ಇರಬೇಕು, ತಿಂಗಳುಗಟ್ಟಲೆ ನುಡಿಸಿದ ಮೇಲೆ ಅದು ತೆರೆದುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಹೊಸದಾಗಿದ್ದೂ ಅಂಗಡಿಯಲ್ಲೇ ಸಿಹಿಯಾಗಿ ಹಾಡುವ ಎರ್ಹುವನ್ನು ನಾನು ಅಂದಿನಿಂದ ಅನುಮಾನದಿಂದಲೇ ನೋಡುತ್ತೇನೆ. ಇನ್ನು ಚರ್ಮದ ಗುಣ ಹುರುಪೆಗಳಲ್ಲಿ ಕಾಣುತ್ತದೆ: ಅವು ದೊಡ್ಡವಾಗಿ, ಒಂದೇ ಅಳತೆಯವಾಗಿ, ಅಂಚಿನವರೆಗೂ ಸಾಲು ತಪ್ಪದೆ ಇದ್ದರೆ ಅದು ಬಲಿತ ಹಾವಿನ ದಪ್ಪ ಚರ್ಮ; ಬಾಲದ ಬುಡದ ಹತ್ತಿರದ, ಗುದದ್ವಾರದ ಸುತ್ತಲಿನ ಭಾಗಕ್ಕೆ ಬೆಲೆ ಹೆಚ್ಚು.

ಆಮೇಲೆ ನಾದದ ಪರೀಕ್ಷೆ. ಇದಕ್ಕೆ ನನಗೆ ಅಭ್ಯಾಸವಿದ್ದ ಕಮಾನನ್ನೇ ಒಯ್ದಿದ್ದೆ, ಏಕೆಂದರೆ ಅಂಗಡಿಯ ಒಳ್ಳೆಯ ಕಮಾನು ಕೆಟ್ಟ ವಾದ್ಯದ ಮಾನವನ್ನು ಕಾಪಾಡಬಲ್ಲದು. ಕುದುರೆಯ ಕೆಳಗೆ, ತಂತಿ ಮತ್ತು ಚರ್ಮದ ನಡುವೆ, ನಾದವನ್ನು ತಗ್ಗಿಸಲು ಒಂದು ಬಟ್ಟೆಯ ತುಂಡನ್ನು ಸಿಕ್ಕಿಸಿರುತ್ತಾರೆ. ಲಾವೊಶಿ ಅದನ್ನು ತೆಗೆಸಿ, ತಮ್ಮ ಜೇಬಿನಲ್ಲಿದ್ದ ತೆಳುವಾದ ತುಂಡನ್ನು ಇಟ್ಟ ಕೂಡಲೇ, ಅಷ್ಟು ಹೊತ್ತು ಸಭ್ಯವಾಗಿದ್ದ ಒಂದು ವಾದ್ಯ ಮೇಲಿನ ಸ್ವರಗಳಲ್ಲಿ ಗುರುಗುಟ್ಟತೊಡಗಿತು. ಅಲ್ಲಿಯ ವಾದಕರು ಇದನ್ನು ತೋಳದ ದನಿ ಎನ್ನುತ್ತಾರೆ. ಈ ದೋಷ ಲವಲೇಶವೂ ಇಲ್ಲದ ಎರ್ಹು ಅಪರೂಪವಾದ್ದರಿಂದ, ಅದು ಯಾವ ಸ್ವರದಲ್ಲಿದೆ, ನಾನು ಆ ಸ್ವರದಲ್ಲಿ ಎಷ್ಟು ನಿಲ್ಲುತ್ತೇನೆ ಎಂಬುದನ್ನೇ ಅಳೆಯಬೇಕಾಯಿತು. ಒಳತಂತಿಯಲ್ಲಿ ಷಡ್ಜದಿಂದ ತಾರಷಡ್ಜದ ಆಚೆಗೂ ಒಂದೊಂದು ಸ್ವರವನ್ನು ನಿಧಾನವಾದ ಉದ್ದ ಕಮಾನಿನಲ್ಲಿ ಹಿಡಿದೆ. ನಂತರ ಶಂಕರಾಭರಣದ ಗಾಂಧಾರದಲ್ಲಿ ಗಮಕ ಹಾಕಿ ನೋಡಿದೆ. ಅಂಗಡಿಯವರು ನಕ್ಕರು, ಆದರೆ ನಾನು ನುಡಿಸುವುದು ಅದನ್ನೇ ತಾನೆ?

ಮರದ ವಿಷಯದಲ್ಲಿ ಮಾರುವವರ ಮಾತು ಹೆಚ್ಚು, ನಾದಕ್ಕೆ ಆಗುವ ಪ್ರಯೋಜನ ನನ್ನ ಮಟ್ಟಿಗೆ ಕಡಿಮೆ. ಅತಿ ದುಬಾರಿಯಾದ ಜಿಟಾನ್ ಎಂದರೆ ನಮ್ಮ ರಕ್ತಚಂದನವೇ, ಆಂಧ್ರದ ಶೇಷಾಚಲ ಬೆಟ್ಟಗಳ ಮರ. 1995ರಿಂದ ಅದು, ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಅದೇ ಹೆಸರಿನಲ್ಲಿ ಆಫ್ರಿಕಾದ ಅಗ್ಗದ ಮರಗಳೂ ಮಾರಾಟವಾಗುವುದರಿಂದ, ಮೆರುಗೆಣ್ಣೆ ಬಳಿದ ವಾದ್ಯದಲ್ಲಿ ಅಸಲಿ ಯಾವುದೆಂದು ಗುರುತಿಸುವ ಭರವಸೆ ನನಗಿರಲಿಲ್ಲ, ಜೊತೆಗೆ ತಿರುಪತಿಯ ಕಾಡಿನಿಂದ ಕದ್ದು ಸಾಗಿಸಿದ ದಿಮ್ಮಿಗಳ ಸುದ್ದಿ ಓದಿ ಬೆಳೆದವನಿಗೆ ಅದನ್ನು ಕೊಳ್ಳುವ ಮನಸ್ಸೂ ಬರಲಿಲ್ಲ. ಅಲ್ಲಿ ಹಳೆಯ ಕೆಂಪುಮರ ಎಂದು ಕರೆಯುವ ಬೀಟೆಜಾತಿಯ ಮರದ, ಆರು ಮೂಲೆಯ ನಾದಪೆಟ್ಟಿಗೆಯ, ಸುಝೌನಲ್ಲಿ ತಯಾರಾದ, ಯಾವ ಕೆತ್ತನೆಯೂ ಇಲ್ಲದ ಒಂದನ್ನು 4,200 ಯುವಾನ್‌ಗೆ ಆರಿಸಿಕೊಂಡೆ. ಕೊಳ್ಳುವ ಮುನ್ನ ದಂಡವನ್ನು ಕಣ್ಣಿನ ನೇರಕ್ಕೆ ಹಿಡಿದು ಸೊಟ್ಟವಿಲ್ಲವೆಂದು ಖಚಿತಪಡಿಸಿಕೊಂಡೆ, ಬಿರಡೆಗಳನ್ನು ತಿರುಗಿಸಿ ಜಾರುವುದಿಲ್ಲವೆಂದು ನೋಡಿದೆ.

ಹೆಬ್ಬಾವೂ ಸೈಟಿಸ್ ಪಟ್ಟಿಯ ಪ್ರಾಣಿಯೇ. ಚರ್ಮ ಸಾಕಿದ ಹಾವಿನದು ಎಂಬ ಅರಣ್ಯ ಇಲಾಖೆಯ ಪ್ರಮಾಣಪತ್ರ 2005ರಿಂದ ಚೀನಾದಲ್ಲಿ ಎರ್ಹುವಿನ ಜೊತೆಗೆ ಬರಬೇಕು; ನನ್ನದಕ್ಕೂ ಅದಿತ್ತು. ಆದರೆ ಒಂದು ದೇಶದ ಕಾಗದ ಇನ್ನೊಂದು ದೇಶದ ಕಸ್ಟಮ್ಸ್‌ಗೆ ಒಪ್ಪಿಗೆಯಾಗಬೇಕೆಂದೇನಿಲ್ಲ. ಊರಿಗೆ ಮರಳುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಾದ್ಯವನ್ನು ಕಳೆದುಕೊಳ್ಳುವ ಧೈರ್ಯ ಸಾಲದೆ, ಅದನ್ನು ಲಾವೊಶಿಯವರ ಬಳಿಯೇ ಬಿಟ್ಟುಬಂದೆ. ಹಾಂಗ್‌ಕಾಂಗ್ ಚೈನೀಸ್ ಆರ್ಕೆಸ್ಟ್ರಾ ಹಾವಿನ ಚರ್ಮದ ಬದಲು ಪಾಲಿಯೆಸ್ಟರ್ ಹಾಳೆ ಬಳಸಿ ಪರಿಸರಸ್ನೇಹಿ ವಾದ್ಯಗಳನ್ನು ರೂಪಿಸಿರುವುದು ಗೊತ್ತಿದ್ದರಿಂದ, ಅಂಥದೇ ಕೃತಕ ಹಾಳೆಯ ಒಂದು ಎರ್ಹುವನ್ನು ತಂದುಕೊಂಡೆ. ಅದರ ಒಳತಂತಿಗೆ ಆ ಬೆಚ್ಚಗಿನ ಗಡಸು ಇಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಆಷಾಢದ ಮಳೆಯಲ್ಲಿ, ಕಿಟಕಿ ತೆರೆದಿಟ್ಟು ನುಡಿಸಿದಾಗ, ಅದರ ಕುದುರೆ ಒಂದು ಕೂದಲೆಳೆಯಷ್ಟೂ ಕೆಳಗಿಳಿದಿಲ್ಲ.