ಹಸಿರಿದ್ದಂತೆಯೇ ಬಾಡುವ ಬದನೆ: ರೋಗ ಇರುವುದು ಮಣ್ಣಿನಲ್ಲಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ತರಕಾರಿ ಕೃಷಿಕರಿಗೆ ಈ ರೋಗ ಗೊತ್ತು. ಬದನೆ ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆ ಚೇತರಿಸಿದಂತೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಎಲೆ ಹಸಿರಿದ್ದಂತೆಯೇ ಸಾಯುತ್ತದೆ. ನೀರು ಸಾಲದಾಯಿತೆಂದು ಜಾಸ್ತಿ ನೀರು ಬಿಡಬೇಡಿ.

ಮೊದಲು ರೋಗ ಯಾವುದೆಂದು ನೋಡಿ. ಬಾಡಿದ ಗಿಡದ ಬುಡದಿಂದ ಕಾಂಡದ ತುಂಡು ಕತ್ತರಿಸಿ. ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಕಾರಣ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಶಿಲೀಂಧ್ರದಿಂದ ಬಾಡಿದ್ದರೆ ಹೀಗೆ ಎಳೆ ಇಳಿಯುವುದಿಲ್ಲ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ, ಕುದಿಸಿ ಚೆಲ್ಲಿ.

ಗಿಡ ಕಿತ್ತರೂ ರೋಗ ಯಾಕೆ ಉಳಿಯುತ್ತದೆ? ಮೇಲ್ಮಣ್ಣು ಕಾದು ಒಣಗಿದರೆ ಈ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಆದರೆ ತೇವ ಇರುವ ಕೆಳಗಿನ ಮಣ್ಣಿನಲ್ಲಿ, ಕೊಳೆಯುತ್ತಿರುವ ಬೇರಿನಲ್ಲಿ, ಅಗೆಯುವಾಗ ಉಳಿದುಹೋದ ಶುಂಠಿ ಗೆಡ್ಡೆಯಲ್ಲಿ ಅದು ಕಾಯುತ್ತದೆ. ಗಣಿಕೆಯಂಥ ಕಳೆಯ ಬೇರಿನಲ್ಲೂ ಇರುತ್ತದೆ. ಕಳೆ ಬಾಡದಿದ್ದರೆ ನಮಗೆ ಸಂಶಯವೇ ಬರುವುದಿಲ್ಲ, ಅಲ್ವಾ? ಹೊಸ ಸಸಿ ನೆಟ್ಟಾಗ ಬೇರಿನ ಗಾಯದಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಹಾಗಾಗಿ ಎಲೆಗೆ ಮದ್ದು ಸಿಂಪಡಿಸುವುದು ಸುಮ್ನೆ ಖರ್ಚು.

ರೋಗದ ಗಿಡವನ್ನು ಬೇರುಸಮೇತ ಕಿತ್ತು ಸುಡಿ. ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಆ ಸಾಲಿನಿಂದ ಹರಿದ ನೀರು ಬೇರೆ ಸಾಲಿಗೆ ಹೋಗದಂತೆ ತಡೆಯಿರಿ. ಹಾರೆ, ಕತ್ತಿ ತೊಳೆಯಿರಿ. ನಮ್ಮ ಮುರಮಣ್ಣು ಹುಳಿ. ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಬಂದಷ್ಟೇ ಸುಣ್ಣ ಹಾಕಿ.

ಮಾರ್ಚ್-ಏಪ್ರಿಲ್ ಬಿಸಿಲನ್ನು ಬಿಡಬೇಡಿ. ಪಾತಿಯನ್ನು ಚೆನ್ನಾಗಿ ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಆಳದ ಮಣ್ಣಿಗೆ ಈ ಬಿಸಿ ತಲುಪುವುದಿಲ್ಲ. ಆದ್ದರಿಂದ ಅದೇ ಜಾಗದಲ್ಲಿ ಮತ್ತೆ ಬದನೆ, ಟೊಮೆಟೊ, ಮೆಣಸು, ಶುಂಠಿ ಬೇಡ. ಭತ್ತ ಅಥವಾ ಜೋಳ ಬೆಳೆಯಿರಿ.

ಬದನೆಯೇ ಬೇಕಿದ್ದರೆ ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ, ಹರಿತ ತಳಿಗಳು ಈ ರೋಗವನ್ನು ತಡೆದುಕೊಳ್ಳುತ್ತವೆ. ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ ಇವೆ. ಮೆಣಸಿನಲ್ಲಿ ಉಜ್ವಲ. ನನಗೆ ಜಾಸ್ತಿ ಭರವಸೆ ಇರುವುದು ಬದನೆಯ ಕಾಡು ಬಂಧುವಾದ ಕುದನೆ ಗಿಡಕ್ಕೆ ಕಸಿ ಕಟ್ಟಿದ ಬದನೆಯ ಮೇಲೆ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ಆಮೇಲೆ ಬುಡಕ್ಕೆ ಮಣ್ಣು ಏರಿಸುವಾಗಲೂ ಗಂಟು ಮುಚ್ಚಬಾರದು. ಮುಚ್ಚಿದರೆ ಬದನೆ ತನ್ನದೇ ಬೇರು ಬಿಡುತ್ತದೆ, ರೋಗ ಆ ಬೇರಿನಿಂದ ಹತ್ತುತ್ತದೆ.