ಟ್ರಮಡಾಲ್ ಇಳಿಸುವುದು ಹೇಗೆ: ಹಳೇ ನೋವಿರುವವರಿಗೆ

ಸೊಂಟ ನೋವಿಗೋ ಮಂಡಿ ನೋವಿಗೋ ನಾಲ್ಕು ದಿನಕ್ಕೆಂದು ಬರೆದುಕೊಟ್ಟ ಟ್ರಮಡಾಲ್ ಎಂಬ ನೋವಿನ ಮಾತ್ರೆ ವರ್ಷಗಟ್ಟಲೆ ಮುಂದುವರಿಯುವುದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಒಂದು ದಿನ ಯಾರೋ ‘ಅದು ಅಫೀಮಿನ ಜಾತಿಯ ಮಾತ್ರೆ’ ಎಂದು ಹೆದರಿಸುತ್ತಾರೆ. ಅವತ್ತೇ ಪೂರ್ತಿ ಬಿಟ್ಟುಬಿಡುತ್ತಾರೆ. ಒಂದೆರಡು ದಿನದಲ್ಲಿ ಬೆವರು, ಆಕಳಿಕೆ, ಸೋರುವ ಮೂಗು, ಭೇದಿ, ನಿದ್ದೆಗೇಡು, ಮೈಕೈ ನೋವು. ದಿಢೀರ್ ನಿಲ್ಲಿಸಿದ್ದರಿಂದ ಬಂದ ತೊಂದರೆ ಇದು. ಆದರೆ ‘ಮಾತ್ರೆ ಇಲ್ಲದೆ ನನಗಾಗಲ್ಲ’ ಎಂದು ಮತ್ತೆ ಶುರುಮಾಡುತ್ತಾರೆ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಈ ಲೇಖನ ಅಲ್ಲ. ಅವರಿಗೆ ಆ ಮದ್ದು ಬೇಕು. ಹೆದರಿ ಕಡಿಮೆ ಮಾಡಬೇಡಿ.

ಮೊದಲು: ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿ ವೈದ್ಯರ ಮುಂದೆ ಸುರಿಯಿರಿ. ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ ಬೆರೆತ ಮಾತ್ರೆ ಬಹಳ. ಅದರ ಮೇಲೆ ಜ್ವರಕ್ಕೆಂದು ಬೇರೆ ಪ್ಯಾರಸಿಟಮಾಲ್ ನುಂಗುತ್ತಾ ಹೋದರೆ ಮಿತಿ ಮೀರಿ ಲಿವರ್‌ಗೆ ಪೆಟ್ಟಾಗಬಹುದು. ನಿದ್ದೆ ಮಾತ್ರೆ, ನರದ ನೋವಿಗೆ ಕೊಡುವ ಪ್ರೀಗಾಬಲಿನ್ ಅಥವಾ ಕುಡಿತ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಖಿನ್ನತೆಯ ಕೆಲವು ಔಷಧಿಗಳ ಜೊತೆ ಫಿಟ್ಸ್ ಬರುವ ಅಪಾಯ ಜಾಸ್ತಿ. 2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ಚೀಟಿ ಇಲ್ಲದೆ ಕೊಡುವ ಅಂಗಡಿಗೆ ಹೋಗಲೇಬೇಡಿ.

ಆಮೇಲೆ: ಮಾತ್ರೆ ಇಳಿಸುವ ಮುಂಚೆಯೇ ಬೇರೆ ಆಸರೆ ಹುಡುಕಿಕೊಳ್ಳಿ. ಫಿಸಿಯೋಥೆರಪಿ, ದಿನಾ ನಡಿಗೆ, ಮಂಡಿಗೆ ಡೈಕ್ಲೋಫೆನಾಕ್ ಜೆಲ್, ನರದ ನೋವಾದರೆ ವೈದ್ಯರು ಕೊಡುವ ಬೇರೆ ಔಷಧಿ. ಮಂಡಿ ಸವೆದಿರುವ ದಪ್ಪ ಮೈಯವರು ತೂಕ ಇಳಿಸಿದರೆ ನಡೆಯುವಾಗ ಮಂಡಿಯ ಮೇಲಿನ ಭಾರ ಇಳಿದ ತೂಕದ ಸುಮಾರು 4 ಪಟ್ಟು ಇಳಿಯುತ್ತದೆ. ‘ಮೂರೇ ದಿನದಲ್ಲಿ ನೋವು ಮಾಯ’ ಎನ್ನುವ, ಲೇಬಲ್ ಇಲ್ಲದ ಪುಡಿಗಳನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು.

ಈಗ ಇಳಿಸುವುದು. ಎಡವುವುದು ಇಲ್ಲೇ. ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರು ತಿಂಗಳಿಗೆ ಶೇ 10ರಷ್ಟು ಅಥವಾ ಇನ್ನೂ ನಿಧಾನಕ್ಕೆ ಇಳಿಸಬೇಕು. ದಿನಕ್ಕೆ 200 ಮಿಲಿಗ್ರಾಂ ಇದ್ದರೆ ಅದು 20 ಮಾತ್ರ. ಅಷ್ಟು ಸಣ್ಣ ಮಾತ್ರೆ ಸಿಗುವುದು ಕಷ್ಟ. ಹಾಗಾಗಿ ಜನ ಇರುವುದನ್ನೇ ಮುರಿಯುತ್ತಾರೆ. ಸ್ಟ್ರಿಪ್ ಮೇಲೆ ಎಸ್‌ಆರ್ ಅಥವಾ ಇಆರ್ ಎಂದಿದ್ದರೆ ಅದು ದಿನವಿಡೀ ನಿಧಾನಕ್ಕೆ ಕರಗಬೇಕಾದ ಮಾತ್ರೆ. ಮುರಿದರೆ, ಜಗಿದರೆ, ಪುಡಿ ಮಾಡಿದರೆ ಇಡೀ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಸೇರಬಹುದು. ಮುರಿಯಬಹುದಾದ ಸಾದಾ ಮಾತ್ರೆಗೆ ಬದಲಿಸಿಕೊಡಿ ಎಂದು ವೈದ್ಯರನ್ನೇ ಕೇಳಿ. ದಿನ ಬಿಟ್ಟು ದಿನ ನುಂಗುವುದೂ ಬೇಡ. ತಪ್ಪಿಸಿದ ದಿನ ಮೈ ಒದ್ದಾಡುತ್ತದೆ. ಪ್ರತಿದಿನ ಅದೇ ಹೊತ್ತಿಗೆ, ಪ್ರಮಾಣ ಮಾತ್ರ ಸ್ವಲ್ಪ ಕಡಿಮೆ.

ಮಧ್ಯಾಹ್ನದ ಮಾತ್ರೆಯನ್ನೇ ಮೊದಲು ಇಳಿಸಿ ಅನ್ನುವುದು ನನ್ನ ಸಲಹೆ. ರಾತ್ರಿಯದು ಕೊನೆಗಿರಲಿ, ನಿದ್ದೆ ಕೆಟ್ಟರೆ ನೋವು ಇಮ್ಮಡಿ ಅನ್ನಿಸುತ್ತದೆ. ತಡೆಯಲಾಗದಿದ್ದರೆ ಅದೇ ಪ್ರಮಾಣದಲ್ಲಿ ಇನ್ನೊಂದು ತಿಂಗಳು ನಿಲ್ಲಿ. ಅದು ಸೋಲಲ್ಲ. ಮನೆಯವರೂ ‘ಇನ್ನೂ ಬಿಟ್ಟಿಲ್ವಾ’ ಎಂದು ಸುಮ್ನೆ ಚುಚ್ಚಬಾರದು.

ಹಾಗೇ ನೋವು ಕಡಿಮೆಯಿದ್ದ ದಿನ ಮನೆಯೆಲ್ಲ ತೊಳೆದು, ಮರುದಿನ ಮಲಗುವ ಅಭ್ಯಾಸ ಬಿಡಿ. ನಿಂತು ಅಡುಗೆ ಮಾಡುವಾಗ 20 ನಿಮಿಷಕ್ಕೆ ನೋವು ಏರುತ್ತದೆಯೇ? ನೋವು ಇರಲಿ ಬಿಡಲಿ, 15ಕ್ಕೇ ಕೂತುಬಿಡಿ.

ಇಳಿಸಿದ ಮೇಲೆ ಮೈಗೆ ಹಳೇ ಪ್ರಮಾಣ ತಾಳುವ ಶಕ್ತಿ ಇರುವುದಿಲ್ಲ. ಒಂದು ಕೆಟ್ಟ ರಾತ್ರಿ ಹಳೇ ಲೆಕ್ಕದಲ್ಲಿ ನುಂಗಿದರೆ ಉಸಿರು ನಿಲ್ಲುವ ಅಪಾಯವಿದೆ. ಉಳಿದ ಸ್ಟ್ರಿಪ್‌ಗಳನ್ನು ‘ಇರಲಿ’ ಎಂದು ಬೀರುವಿನಲ್ಲಿಡದೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೇಳಿ ವಿಲೇವಾರಿ ಮಾಡಿ.