ಮನೆ ಬದಲಿಸುವಾಗ ಬೆಕ್ಕನ್ನು ಕರೆದೊಯ್ಯುವುದು ಹೇಗೆ? ಮೊದಲು ಆ ಹಳೆ ಕಂಬಳಿ ಒಗೆಯಬೇಡಿ

ದೂರದ ಊರಿಗೆ ಮನೆ ಬದಲಿಸುವವರು ಹೊರಡುವ ವಾರ ಒಂದು ಕೆಲಸ ಮಾಡುತ್ತಾರೆ. ಬೆಕ್ಕು ಮಲಗುವ ಕಂಬಳಿಯನ್ನು ಚೆನ್ನಾಗಿ ಒಗೆದು, ಒಣಗಿಸಿ, ಮಡಚಿ ಇಡುತ್ತಾರೆ. ಪ್ರೀತಿ ಇನ್ನೂ ಜಾಸ್ತಿ ಇದ್ದವರು ಹೊಸದನ್ನೇ ತಂದುಬಿಡುತ್ತಾರೆ. ಬೆಕ್ಕಿನ ಕಡೆಯಿಂದ ನೋಡಿದರೆ ಇದು ಪೂರಾ ಎಡವಟ್ಟು.

ಬೆಕ್ಕು ತನ್ನ ಮನೆಯನ್ನು ಗುರುತು ಹಿಡಿಯುವುದು ಮೂಗಿನಿಂದ. ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಮೊಣಕಾಲಿಗೆ ಅದು ಕೆನ್ನೆ ಉಜ್ಜುವುದನ್ನು ನೋಡಿರುತ್ತೀರಿ. ಬರೀ ಮುದ್ದಿಗೆ ಹಾಗೆ ಮಾಡುವುದಿಲ್ಲ. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆಯನ್ನು ಅಲ್ಲಿ ಹಚ್ಚಿ, ಇದು ನನ್ನ ಜಾಗ ಎಂದು ಗುರುತು ಹಾಕುತ್ತಿರುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದೇ ಇಲ್ಲ. ಮನೆ ಬಿಟ್ಟ ದಿನ ಆ ಗುರುತುಗಳೆಲ್ಲ ಹಳೆ ಮನೆಯ ಗೋಡೆಗಳಲ್ಲೇ ಉಳಿದುಹೋಗುತ್ತವೆ. ಜೊತೆಗೆ ಬರುವುದು ಕಂಬಳಿಯೊಂದೇ. ಅದಕ್ಕೂ ಸೋಪು ಹಾಕಿದರೆ ಇನ್ನೇನು ಉಳಿಯಿತು?

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆಯಲ್ಲ, ಹಾಗಾಗಿ ಬೆಕ್ಕಿಗೆ ಮನೆ ಬದಲಿಸುವುದು ರೂಢಿಯೇ ಎಂದು ವಾದ ಮಾಡುವವರಿದ್ದಾರೆ. ಆದರೆ ಅದು ಪುಟ್ಟ ಮರಿಗಳ ವಿಷಯ. ಕಚ್ಚಿಕೊಂಡು ಹೋಗುವುದು ಅಮ್ಮ, ಮುಂದಿನ ಮನೆಯಲ್ಲೂ ಪಕ್ಕದಲ್ಲಿರುವುದು ಅಮ್ಮ. ಬೆಳೆದ ಬೆಕ್ಕಿಗೆ ಆ ಅನುಕೂಲವಿಲ್ಲ.

ಒಂದು ತಿಂಗಳ ಮೊದಲು: ಕ್ಯಾರಿಯರ್ ಹೊರಗೆ ಬರಲಿ

ಹೆಚ್ಚಿನ ಮನೆಗಳಲ್ಲಿ ಬೆಕ್ಕಿನ ಕ್ಯಾರಿಯರ್, ಅಂದರೆ ಅದನ್ನು ಕೂರಿಸಿ ಒಯ್ಯುವ ಪೆಟ್ಟಿಗೆ, ಅಟ್ಟದ ಮೇಲಿರುತ್ತದೆ. ಅದು ಕೆಳಗಿಳಿಯುವುದು ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ. ಹಾಗಾಗಿ ಕ್ಯಾರಿಯರ್ ಕಂಡರೆ ಸೂಜಿ ಎಂದು ಬೆಕ್ಕು ಲೆಕ್ಕ ಹಾಕಿಟ್ಟಿರುತ್ತದೆ. ಈ ಲೆಕ್ಕ ಅಳಿಸಲು ಕಡಿಮೆ ಎಂದರೂ ಮೂರು ನಾಲ್ಕು ವಾರ ಬೇಕು. ಇಡೀ ಪ್ರಯಾಣದಲ್ಲಿ ಹೆಚ್ಚು ಫಲ ಕೊಡುವ ಕೆಲಸ ಇದೇ. ಬೇರೆ ಯಾವುದಕ್ಕೆ ಸಮಯವಿಲ್ಲದಿದ್ದರೂ ಇದಕ್ಕೆ ಮಾಡಿಕೊಳ್ಳಿ.

ಹೊಸದು ಕೊಳ್ಳುವುದಾದರೆ ಗಟ್ಟಿ ಪ್ಲಾಸ್ಟಿಕ್‌ನದನ್ನು ನೋಡಿ. ಮುಂದಿನ ಬಾಗಿಲ ಜೊತೆಗೆ ಮೇಲಿನಿಂದಲೂ ತೆರೆಯುವಂತಿದ್ದರೆ ಅರ್ಧ ಕುಸ್ತಿ ತಪ್ಪುತ್ತದೆ. ಒಳಗೆ ಬೆಕ್ಕು ನಿಲ್ಲಬೇಕು, ಪೂರ್ತಿ ತಿರುಗಬೇಕು, ಕಾಲು ಮಡಚಿ ಮಲಗಬೇಕು. ಅಷ್ಟು ಜಾಗ ಸಾಕು. ಪಾಪ, ಆರಾಮಾಗಿರಲಿ ಎಂದು ತೀರಾ ದೊಡ್ಡದು ತಂದರೆ ಬ್ರೇಕ್ ಹಾಕಿದಾಗಲೆಲ್ಲ ಅದು ಒಳಗೆ ಜಾರಾಡುತ್ತದೆ.

ಮೊದಲ ವಾರ ಕ್ಯಾರಿಯರಿನ ಮೇಲಿನ ಅರ್ಧ ಬಿಚ್ಚಿ, ಕೆಳಗಿನ ಅರ್ಧವನ್ನಷ್ಟೇ ಬೆಕ್ಕು ಓಡಾಡುವ ಕಡೆ ಇಡಿ. ಅದರಲ್ಲಿ ಅದೇ ಹಳೆ ಕಂಬಳಿ ಹಾಸಿ. ಬೆಕ್ಕನ್ನು ಎತ್ತಿ ಅದರೊಳಗೆ ಕೂರಿಸಬೇಡಿ, ಸುಮ್ನೆ ಇಟ್ಟುಬಿಡಿ. ಊಟದ ಬಟ್ಟಲನ್ನು ದಿನ ದಿನಕ್ಕೆ ಹತ್ತಿರ ತಂದು, ಕೊನೆಗೆ ಒಳಗೇ ಇಡಿ. ಒಳಗೆ ಕೂತು ತಿನ್ನತೊಡಗಿದ ಮೇಲೆ ಮೇಲಿನ ಭಾಗ ಜೋಡಿಸಿ. ಇನ್ನೂ ಕೆಲವು ದಿನ ಬಿಟ್ಟು ಬಾಗಿಲು. ಮೊದಲು ಅರ್ಧ ನಿಮಿಷ ಮುಚ್ಚಿ ತೆರೆಯಿರಿ, ಆಮೇಲೆ ಐದು ನಿಮಿಷ. ಆಮೇಲೆ ಎತ್ತಿಕೊಂಡು ಮನೆಯೊಳಗೇ ಒಂದು ಸುತ್ತು. ಮುಂದೆ ನಿಂತ ಕಾರಿನಲ್ಲಿ ಸ್ವಲ್ಪ ಹೊತ್ತು, ಎಂಜಿನ್ ಹಾಕಿಕೊಂಡು ಸ್ವಲ್ಪ ಹೊತ್ತು, ಕೊನೆಗೆ ಬೀದಿಯ ತುದಿಯವರೆಗೆ. ಪ್ರತಿ ಸಲ ಮುಗಿದ ಮೇಲೆ ಅದಕ್ಕೆ ಇಷ್ಟವಾದ ತಿಂಡಿ ಸಿಗಬೇಕು. ಎಲ್ಲಾದರೂ ಹೆದರಿ ಹಿಂದೆ ಸರಿದರೆ ನೀವೂ ಒಂದು ಹೆಜ್ಜೆ ಹಿಂದೆ ಹೋಗಿ.

ನಾನು ಮೊದಲ ಸಲ ಮನೆ ಬದಲಿಸಿದಾಗ ಇದೆಲ್ಲ ಅತಿಯಾಯಿತು ಅನಿಸಿತ್ತು. ಹೊರಡುವ ದಿನ ಬೆಳಿಗ್ಗೆ ಕ್ಯಾರಿಯರ್ ಇಳಿಸಿದೆ. ಬೆಕ್ಕು ಮಂಚದ ಕೆಳಗೆ ಸೇರಿತು, ಮಂಚ ಲಾರಿಗೆ ಹೋಗಬೇಕಿತ್ತು. ಮುಂದಿನ ಮುಕ್ಕಾಲು ಗಂಟೆಯ ಗುರುತು ನನ್ನ ಮುಂಗೈ ಮೇಲೆ ಇನ್ನೂ ಇದೆ.

ಡಾಕ್ಟರ ಹತ್ತಿರ ಏನೇನು ಕೇಳಬೇಕು

ಲಸಿಕೆಗಳು ಸರಿಯಾಗಿವೆಯೇ ಎಂದು ನೋಡಿಸಿ, ಕಾಗದಪತ್ರಗಳ ಒಂದು ಪ್ರತಿ ಕೈಚೀಲದಲ್ಲಿಡಿ. ಮೂಲವನ್ನು ಲಾರಿಗೆ ಹಾಕಬೇಡಿ.

ಮೈಕ್ರೋಚಿಪ್ ಇಲ್ಲದಿದ್ದರೆ ಹಾಕಿಸಲು ಇದು ಸರಿಯಾದ ಸಮಯ. ಅಕ್ಕಿ ಕಾಳಿನಷ್ಟು ಗಾತ್ರದ ಇದನ್ನು ಹೆಗಲ ನಡುವೆ ಚರ್ಮದ ಕೆಳಗೆ ಸೂಜಿಯಿಂದಲೇ ಹಾಕುತ್ತಾರೆ. ಬ್ಯಾಟರಿ ಇರುವುದಿಲ್ಲ. ರೀಡರ್ ಹಿಡಿದಾಗ 15 ಅಂಕಿಯ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೇ. ಬೆಕ್ಕು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು ಅಂದುಕೊಂಡವರು ಬಹಳ ಜನ. ಅದು ಜಿಪಿಎಸ್ ಅಲ್ಲ. ಆ ಸಂಖ್ಯೆಯ ಜೊತೆ ನೋಂದಾಯಿಸಿದ ಫೋನ್ ನಂಬರ್ ಹಳೆಯದಾಗಿದ್ದರೆ ಚಿಪ್ ಇದ್ದೂ ಇಲ್ಲದ ಹಾಗೆ. ಹೊರಡುವ ಮೊದಲೇ ಸರಿಮಾಡಿಸಿ. ಕೊರಳಪಟ್ಟಿಯ ಮೇಲೂ ನಂಬರ್ ಇರಲಿ. ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥ ಪಟ್ಟಿಯನ್ನೇ ಕೊಳ್ಳಿ.

ಇನ್ನು ಔಷಧಿ. ಕೆಲವು ಬೆಕ್ಕುಗಳು ಎಷ್ಟು ಅಭ್ಯಾಸ ಮಾಡಿಸಿದರೂ ದಾರಿಯುದ್ದಕ್ಕೂ ಅರಚುತ್ತವೆ, ಜೊಲ್ಲು ಸುರಿಸುತ್ತವೆ, ವಾಂತಿ ಮಾಡುತ್ತವೆ. ಅಂಥವಕ್ಕೆ ಹೊರಡುವ ಎರಡು ಮೂರು ಗಂಟೆ ಮೊದಲು ಗಾಬಾಪೆಂಟಿನ್ ಎಂಬ ದಿಗಿಲು ತಗ್ಗಿಸುವ ಔಷಧಿ ಕೊಡಲು ಡಾಕ್ಟರುಗಳು ಹೇಳುವುದುಂಟು. ವಾಂತಿಗೆ ಬೇರೆ ಔಷಧಿ ಇದೆ. ಪ್ರಮಾಣ ಅವರೇ ಹೇಳಲಿ. ನೀವು ಮಾಡಬೇಕಾದದ್ದು ಒಂದಿದೆ: ಹೊರಡುವ ವಾರಕ್ಕೆ ಮೊದಲೇ ಮನೆಯಲ್ಲಿ ಒಂದು ಸಲ ಕೊಟ್ಟು, ಅದು ಬೆಕ್ಕಿಗೆ ಹೇಗೆ ಹಿಡಿಸುತ್ತದೆ ಎಂದು ನೋಡಿಕೊಳ್ಳಿ. ಹೆದ್ದಾರಿಯ ನಡುವೆ ಪ್ರಯೋಗ ಬೇಡ. ನಿಮ್ಮ ಮಾತ್ರೆ ಡಬ್ಬಿಯಿಂದ ಮಾತ್ರ ಏನನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, ಒಂದೇ ಮಾತ್ರೆ ಜೀವ ತೆಗೆಯಬಹುದು.

ದೇಶವನ್ನೇ ಬದಲಿಸುವವರು ತಿಂಗಳ ಲೆಕ್ಕ ಬಿಟ್ಟು ಅರ್ಧ ವರ್ಷದ ಲೆಕ್ಕ ಹಾಕಬೇಕು. ಯುರೋಪಿಯನ್ ಒಕ್ಕೂಟಕ್ಕೆ ಹೋಗುವುದಾದರೆ ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಿರುಗಿಸಿದರೆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ. ಮೊದಲ ಲಸಿಕೆಯಾದ ಮೇಲೆ 21 ದಿನ ಕಾಯಬೇಕು. ರೇಬಿಸ್ ಇರುವ ದೇಶಗಳಿಂದ ಹೋಗುವ ಬೆಕ್ಕಿಗೆ ರಕ್ತಪರೀಕ್ಷೆಯನ್ನೂ ಕೇಳುವುದುಂಟು, ಜಪಾನ್ ಅಂತೂ ಆ ರಕ್ತ ತೆಗೆದ ದಿನದಿಂದ 180 ದಿನ ಕಾಯಿಸುತ್ತದೆ. ಆಸ್ಟ್ರೇಲಿಯಾಕ್ಕೆ ಹೋದರೆ ಹೆಚ್ಚಿನ ಬೆಕ್ಕುಗಳು ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರದಲ್ಲಿ ಕಡಿಮೆ ಎಂದರೂ 10 ದಿನ ಉಳಿಯಬೇಕು. ನಿಯಮಗಳು ಆಗಾಗ ಬದಲಾಗುತ್ತವೆ. ಆ ದೇಶದ ಸರ್ಕಾರಿ ಜಾಲತಾಣವನ್ನು ನೀವೇ ಓದಿ, ಏಜೆಂಟರ ಮಾತೊಂದನ್ನೇ ನಂಬಬೇಡಿ.

ಲಾರಿ ಬರುವ ದಿನ

ಪ್ರಯಾಣದಲ್ಲಿ ಬೆಕ್ಕು ಕಳೆದುಹೋಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಆದರೆ ಅದು ತಪ್ಪಿಸಿಕೊಳ್ಳುವ ಭಯ ಹೆಚ್ಚಿರುವುದು ಹೊರಡುವ ಮೊದಲೇ, ಸಾಮಾನು ಸಾಗಿಸುವ ಹೊತ್ತಿನಲ್ಲಿ. ಮುಂಬಾಗಿಲು ದಿನವಿಡೀ ತೆರೆದಿದೆ, ಗುರುತಿಲ್ಲದವರು ಒಳಗೆ ಹೊರಗೆ ಓಡಾಡುತ್ತಿದ್ದಾರೆ, ಬೀರು ಎಳೆಯುವ ಸದ್ದು ಬೇರೆ. ಯಾವ ಬೆಕ್ಕು ನಿಂತೀತು?

ಹಾಗಾಗಿ ಬೆಳಿಗ್ಗೆ ಮೊದಲ ಕೆಲಸವಾಗಿ ಒಂದು ಸಣ್ಣ ಕೋಣೆ ಖಾಲಿ ಮಾಡಿ. ಬಚ್ಚಲಮನೆಯಾದರೂ ಸರಿ. ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ಮರಳಿನಂಥ ಪುಡಿಯ ತಟ್ಟೆ), ನೀರು, ಕಂಬಳಿ, ಬಾಗಿಲು ತೆರೆದ ಕ್ಯಾರಿಯರ್ ಅಲ್ಲಿಟ್ಟು ಬೆಕ್ಕನ್ನು ಒಳಗೆ ಬಿಟ್ಟು ಬಾಗಿಲು ಹಾಕಿ. ‘ಒಳಗೆ ಬೆಕ್ಕಿದೆ, ತೆರೆಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಸಾಮಾನು ಸಾಗಿಸುವವರಿಗೆ ಬಾಯಲ್ಲೂ ಹೇಳಿ. ಕೊನೆಯ ಪೆಟ್ಟಿಗೆ ಹೋದ ಮೇಲೆ ಬೆಕ್ಕು.

ಊಟ ಹೊರಡುವ ನಾಲ್ಕೈದು ಗಂಟೆ ಮೊದಲು, ಅದೂ ಸ್ವಲ್ಪವೇ. ನೀರು ನಿಲ್ಲಿಸಬೇಡಿ.

ಬೆಕ್ಕು ತಾನಾಗಿ ಕ್ಯಾರಿಯರ್ ಹತ್ತದಿದ್ದರೆ ಟವೆಲ್‌ನಲ್ಲಿ ಸುತ್ತಿ, ಹಿಂಗಾಲು ಮೊದಲು ಒಳಗೆ ಹೋಗುವಂತೆ ಇಳಿಸಿ. ಎದುರಿಗೆ ಗುಹೆ ಕಾಣದಿದ್ದರೆ ತಡೆಯುವುದೂ ಕಡಿಮೆ. ಅಮ್ಮ ಬೆಕ್ಕು ಮಾಡುವುದನ್ನು ನೋಡಿ ನೀವು ಕುತ್ತಿಗೆಯ ತೊಗಲು ಹಿಡಿದು ಎತ್ತಬೇಡಿ. ಮರಿ ಹಗುರ, ಹಾಗೆ ಹಿಡಿದಾಗ ಮೈ ಬಿಟ್ಟು ಜೋತಾಡುತ್ತದೆ. ದೊಡ್ಡ ಬೆಕ್ಕಿನ ಭಾರಕ್ಕೆ ನೋವು, ಜೊತೆಗೆ ದಿಗಿಲು.

ದಾರಿಯಲ್ಲಿ

ಕಾರಾದರೆ ಕ್ಯಾರಿಯರ್ ಅನ್ನು ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ ಬಿಗಿಯಾಗಿ ಕೂರಿಸಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಬೇಡ. ಮೇಲೆ ತೆಳುವಾದ ಬಟ್ಟೆ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಹೊರಗೆ ಓಡುವ ಮರ, ದೀಪ ಕಾಣದಿದ್ದರೆ ಹೆಚ್ಚಿನ ಬೆಕ್ಕುಗಳು ಅರ್ಧ ಗಂಟೆಯಲ್ಲಿ ಸುಮ್ಮನಾಗುತ್ತವೆ. ಅಲ್ಲಿಯವರೆಗಿನ ಕೂಗನ್ನು ಸಹಿಸಿಕೊಳ್ಳಿ. ಪಾಪ ಎಂದು ಹೊರಗೆ ಬಿಟ್ಟರೆ ಅದು ನೇರ ಹೋಗಿ ಸೇರುವುದು ಕತ್ತಲಿರುವ ಜಾಗಕ್ಕೆ, ಅಂದರೆ ಬ್ರೇಕ್ ಪೆಡಲ್ ಕೆಳಗೆ.

ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ. ಕಾರಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ ಮೇಲೆ ಕ್ಯಾರಿಯರ್ ತೆರೆದು ನೀರು, ಟ್ರೇ ತೋರಿಸಿ. ಹಲವು ಬೆಕ್ಕುಗಳು ಮೂಸಿಯೂ ನೋಡುವುದಿಲ್ಲ. ಗಾಬರಿಯಾದ ಬೆಕ್ಕು ದಿನದ ಹೆಚ್ಚು ಹೊತ್ತು ಮೂತ್ರ ಕಟ್ಟಿಕೊಂಡೇ ಇರಬಲ್ಲದು. ಆದರೂ ಕ್ಯಾರಿಯರ್ ತಳಕ್ಕೆ ಹೀರುವ ಪ್ಯಾಡ್ ಹಾಸಿ, ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಊಟಕ್ಕೆ ಇಳಿದಾಗ ಒಬ್ಬರು ಕಾರಿನಲ್ಲೇ ಇರಬೇಕು. ಹೊರಗೆ 21 ಡಿಗ್ರಿಯಂಥ ಹಿತವಾದ ಹವೆ ಇದ್ದರೂ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಇನ್ನೂ ಹತ್ತು ಡಿಗ್ರಿ ಏರುತ್ತದೆ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸಹಜ. ಬೆಕ್ಕು ಹಾಗೆ ಮಾಡಿತೆಂದರೆ ಅಪಾಯದ ಸೂಚನೆ. ತಂಪು ಮಾಡಿ, ಕಡಿಮೆಯಾಗದಿದ್ದರೆ ಹತ್ತಿರದ ಪಶುವೈದ್ಯರಲ್ಲಿಗೆ ಹೋಗಿ.

ವಿಮಾನವಾದರೆ ನಿಮ್ಮ ಟಿಕೆಟ್ ತೆಗೆಯುವ ಮೊದಲೇ ಬೆಕ್ಕಿನ ಜಾಗ ಕೇಳಿ. ಒಂದು ವಿಮಾನದ ಕ್ಯಾಬಿನ್ನಿನಲ್ಲಿ ಕೆಲವೇ ಪ್ರಾಣಿಗಳಿಗೆ ಅವಕಾಶ. ಸೀಟಿನ ಕೆಳಗೆ ಹಿಡಿಸುವ ಬಟ್ಟೆಯ ಚೀಲದ ಅಳತೆಯನ್ನು ಅವರಿಂದಲೇ ಪಡೆಯಿರಿ. ಔಷಧಿ ಕೊಟ್ಟು ಮಂಪರು ಬರಿಸಿದ ಪ್ರಾಣಿಯನ್ನು ಹತ್ತಿಸಿಕೊಳ್ಳಲು ಹೆಚ್ಚಿನ ವಿಮಾನ ಕಂಪನಿಗಳು ಒಪ್ಪುವುದಿಲ್ಲ. ಪರ್ಷಿಯನ್‌ನಂಥ ಚಪ್ಪಟೆ ಮೂಗಿನ ಬೆಕ್ಕಿಗೆ ಉಸಿರಾಟವೇ ಕಷ್ಟ, ಸರಕಿನ ಭಾಗದಲ್ಲಿ ಅದನ್ನು ಕಳಿಸುವ ಯೋಚನೆ ಬಿಡಿ. ತಪಾಸಣೆಯಲ್ಲಿ ಚೀಲ ಎಕ್ಸ್‌ರೇ ಯಂತ್ರಕ್ಕೆ ಹೋಗುತ್ತದೆ, ಬೆಕ್ಕು ನಿಮ್ಮ ಕೈಯಲ್ಲಿ. ಆ ಗದ್ದಲದಲ್ಲಿ ಅದು ಹಾರಿದರೆ ಹಿಡಿದಂತೆಯೇ! ಮನೆಯಿಂದಲೇ ಬೆಕ್ಕಿಗೆ ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಹಾಕಿಕೊಂಡು ಬನ್ನಿ, ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಲು ಕೇಳಿಕೊಳ್ಳಿ.

ಹೊಸ ಮನೆಯಲ್ಲಿ ಒಂದೇ ಕೋಣೆ

ಬಂದ ಕೂಡಲೇ ಮನೆಯೆಲ್ಲ ತೋರಿಸುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಹೆದರಿದ ಬೆಕ್ಕು ಫ್ರಿಜ್ ಹಿಂದೆ, ಅಡುಗೆಮನೆಯ ಕಪಾಟಿನ ಸಂದಿಯಲ್ಲಿ ಸೇರಿಕೊಂಡರೆ ಎರಡು ದಿನ ಕಾಣಿಸುವುದಿಲ್ಲ. ಒಂದು ಶಾಂತವಾದ ಕೋಣೆ ಆರಿಸಿ. ಹಳೆ ಕಂಬಳಿ, ತೊಳೆಯದ ಉಗುರು ಕೆರೆಯುವ ಹಲಗೆ, ಅದೇ ಬ್ರ್ಯಾಂಡಿನ ಲಿಟರ್, ಅದೇ ಊಟ ಅಲ್ಲಿರಲಿ. ಹಳೆ ಟ್ರೇಯಿಂದ ಒಂದು ಹಿಡಿ ಬಳಸಿದ ಲಿಟರ್ ತಂದು ಹೊಸದಕ್ಕೆ ಬೆರೆಸಿದರೆ ಇನ್ನೂ ಒಳ್ಳೆಯದು. ಅಸಹ್ಯ ಅನಿಸಬಹುದು, ಆದರೆ ಈ ಮನೆಯ ಶೌಚಾಲಯ ಎಲ್ಲಿದೆ ಎಂದು ಬೆಕ್ಕಿಗೆ ಹೇಳಲು ಇದಕ್ಕಿಂತ ಸುಲಭ ದಾರಿ ಇಲ್ಲ. ಕ್ಯಾರಿಯರ್ ಬಾಗಿಲು ತೆರೆದಿಟ್ಟು ಪಕ್ಕದಲ್ಲಿ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ನೀವು ಏನಾದರೂ ಓದಿ. ಹೊರಗೆ ಬರುವುದು ಅದರ ಇಷ್ಟ.

ಒಂದು ಕಾಟನ್ ಬಟ್ಟೆಯಿಂದ ಬೆಕ್ಕಿನ ಕೆನ್ನೆ ಮೃದುವಾಗಿ ಒರೆಸಿ, ಅದನ್ನೇ ಮುಂದಿನ ಕೋಣೆಯ ಬಾಗಿಲ ಅಂಚಿಗೆ, ಸೋಫಾದ ಮೂಲೆಗೆ ಬೆಕ್ಕಿನ ಎತ್ತರದಲ್ಲಿ ಸವರಿ. ಬೆಕ್ಕು ಅಲ್ಲಿಗೆ ಕಾಲಿಡುವ ಮೊದಲೇ ಅದರ ವಾಸನೆ ಅಲ್ಲಿರುತ್ತದೆ. ಚೆನ್ನಾಗಿ ತಿಂದು, ಕೋಣೆಯ ನಡುವೆ ಧೈರ್ಯವಾಗಿ ಮಲಗಲು ಶುರುಮಾಡಿದ ಮೇಲೆ ಇನ್ನೊಂದು ಕೋಣೆ ತೆರೆಯಿರಿ. ಕೆಲವಕ್ಕೆ ಮೂರು ದಿನ ಸಾಕು, ಕೆಲವಕ್ಕೆ ಎರಡು ವಾರ ಬೇಕು.

ಎರಡು ವಿಷಯದಲ್ಲಿ ಮಾತ್ರ ಕಾದು ನೋಡುವುದು ಬೇಡ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಕೆಲವು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ. ಎರಡನೆಯದು ಗಂಡು ಬೆಕ್ಕುಗಳ ವಿಷಯ. ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ ಎಂದಾದರೆ ದಾರಿ ಕಟ್ಟಿಕೊಂಡಿರಬಹುದು. ಅದು ತುರ್ತು, ರಾತ್ರಿಯಾದರೂ ಹೊರಡಿ.

ಹೊರಗೆ ತಿರುಗುವ ಅಭ್ಯಾಸವಿದ್ದ ಬೆಕ್ಕನ್ನು ಮೂರು ವಾರವಾದರೂ ಒಳಗೇ ಇಟ್ಟುಕೊಳ್ಳಿ. ಬೇಗ ಬಿಟ್ಟರೆ ಹಳೆ ಮನೆ ಹುಡುಕಿಕೊಂಡು ಹೊರಡುತ್ತದೆ. ಕಿಟಕಿಯ ಜಾಲರಿ ಗಟ್ಟಿಯಿದೆಯೇ ಎಂದು ಕೈಯಿಂದ ಒತ್ತಿ ನೋಡಿ. ಮೊದಲ ಸಲ ಹೊರಗೆ ಬಿಡುವುದು ಊಟಕ್ಕೆ ಸ್ವಲ್ಪ ಮೊದಲು ಆಗಲಿ, ಹಸಿದಿದ್ದರೆ ಕರೆದಾಗ ಬರುತ್ತದೆ.

ಆ ಕಂಬಳಿ? ಹೊಸ ಮನೆಯ ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ ಬೆಕ್ಕು ತಾನಾಗಿ ಕೆನ್ನೆ ಉಜ್ಜಲು ಶುರುಮಾಡಿದ ಮೇಲೆ ಒಗೆಯಬಹುದು.